ಸೀತಾಫಲದ ಎಕ್ಸರೇ

“ಮಷೀನ್ ಬಂದ್ ಬಿತ್ತಂದ್ರ ನಾನೇ ಬರ್ತೀನಿ. ಬ್ಯಾರೆ ಯಾರನ್ನೂ ಕಳಸಂಗಿಲ್ಲ.”

ಕಪಿಲ ಸುಗಂಧಾಳಿಗೆ ಈ ಮಾತು ಕೊಟ್ಟಿದ್ದು 1994ರಲ್ಲಿ, ಹುಮನಾಬಾದಿನ ಒಂದು ನರ್ಸಿಂಗ್ ಹೋಮಿನ ಡಾರ್ಕ್‌ರೂಮಿನಲ್ಲಿ, ಕೆಂಪು ಬಲ್ಬಿನ ಕೆಳಗೆ.

ಅವನು ಮುಡಬಿಯವನು, ಎಕ್ಸರೇ ಕಂಪನಿಯ ಸರ್ವಿಸ್ ಇಂಜಿನಿಯರ್. ತೊಡೆಯ ಮೇಲೆ ಟೂಲ್ ಬ್ಯಾಗ್ ಇಟ್ಟುಕೊಂಡು ಗುಲ್ಬರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವಳು ಬಸವಕಲ್ಯಾಣದಿಂದ ದಿನಾ ಓಡಾಡುವ ಎಕ್ಸರೇ ಟೆಕ್ನಿಷಿಯನ್. ರಿಪೇರಿ ಮುಗಿದ ಮೇಲೆ ಒಂದು ಟೆಸ್ಟ್ ಫಿಲ್ಮ್ ತೆಗೆಯಬೇಕು. ಮೊದಲ ಸಲ ಅವಳು ತನ್ನ ಕೈಯನ್ನೇ ಟೇಬಲ್ ಮೇಲಿಟ್ಟಳು.

“ತಗೀರಿ ಕೈ!” ಕಪಿಲ ಗದರಿದ. “ಸುಮ್ಮಸುಮ್ಮನ ಯಾರ ಮೈಮ್ಯಾಲೂ ಎಕ್ಸರೇ ಬಿಡಬಾರ್ದು.”

“ಮತ್ತೇನ್ ಇಡ್ಲಿ? ನಿಮ್ಮ ತಲಿ ಇಡ್ಲೇನು? ಒಳಗ ಏನರ ಅದನೋ ಇಲ್ಲೋ, ಅದೂ ಗೊತ್ತಾಗ್ತದ.”

ಅವನು ನಕ್ಕುಬಿಟ್ಟ. ಅವಳು ಊಟದ ಡಬ್ಬಿಯ ಪಕ್ಕದಲ್ಲಿದ್ದ ಸೀತಾಫಲ ತಂದಿಟ್ಟಳು.

ಫಿಲ್ಮ್ ತೊಳೆಯುವ ಆ ಐದು ನಿಮಿಷ ಡಾರ್ಕ್‌ರೂಮಿನ ಬಾಗಿಲು ತೆರೆಯುವಂತಿಲ್ಲ. ಕಪ್ಪಿನೊಳಗಿಂದ ಬೀಜಗಳು ಒಂದೊಂದಾಗಿ ಬೆಳ್ಳಗೆ ಮೂಡಿದವು. ಅವನು ಫಿಲ್ಮ್ ನೋಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

“ಒಳಗ ಏನ್ ಬ್ಯಾಳಿ ಬೇಯಸಾಕತ್ತೀರೇನು?” ಹೊರಗಿನಿಂದ ಆಯಾ ಮುಕ್ತಾಬಾಯಿ ಕೂಗಿದಳು. ಇಬ್ಬರೂ ನಕ್ಕರು. ಆ ನಗುವಿನಲ್ಲೇ, ತಾನೇ ಬರುತ್ತೇನೆ ಎಂಬ ಆ ಮಾತು ಅವನ ಬಾಯಿಂದ ಬಂದಿತ್ತು.

ಮುಂದಿನ ತಿಂಗಳು ಮತ್ತೆ ಮಷೀನ್ ಬಂದ್. ಕಪಿಲ ಬೋರ್ಡ್ ತೆರೆದು ನೋಡಿದರೆ, ಪಿಂಗಾಣಿ ಫ್ಯೂಸನ್ನು ಯಾರೋ ಬೆರಳಿನಷ್ಟು ಹೊರಗೆ ಎಳೆದಿದ್ದರು. ಅವನು ತಿರುಗಿ ನೋಡಿದ. ಸುಗಂಧಾ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು, ಕಿವಿ ಮಾತ್ರ ಕೆಂಪಾಗಿತ್ತು. ಅವನು ರಿಪೋರ್ಟಿನಲ್ಲಿ ‘ಲೂಸ್ ಕನೆಕ್ಷನ್’ ಎಂದು ಬರೆದ. ಆಮೇಲೂ ಎಷ್ಟೋ ಸಲ ಅದನ್ನೇ ಬರೆದ. ಪ್ರತಿ ಸಲವೂ ಒಂದು ಟೆಸ್ಟ್ ಫಿಲ್ಮ್: ಅಂಜೂರ, ಬಾರಿಹಣ್ಣು, ಹಸಿ ಕಡಲೆಯ ಗಿಡ. ಆ ಫಿಲ್ಮುಗಳನ್ನೆಲ್ಲ ಅವನೇ ಒಯ್ಯುತ್ತಿದ್ದ.

ಎರಡು ಪ್ರಮೋಷನ್ ಬಂದವು. ಹೈದರಾಬಾದ್ ಆಫೀಸು, ಟೈ, ಕಾರು. ಹುಮನಾಬಾದಿನ ಭೇಟಿ ತಿಂಗಳಿಗೊಂದು ಇದ್ದದ್ದು ಆರು ತಿಂಗಳಿಗೊಂದಾಯಿತು.

1998ರ ಫೆಬ್ರವರಿಯ ಒಂದು ಬುಧವಾರ ಅವಳ ಫೋನ್ ಬಂತು.

“ಮಷೀನ್ ಬಂದ್ ಬಿದ್ದದ್ರಿ.”

“ಫ್ಯೂಸ್ ಒತ್ತಿ ನೋಡ್ರಿ,” ಅವನು ನಗುತ್ತಲೇ ಹೇಳಿದ.

“ಒತ್ತೀನಿ. ಈ ಸಲ ಖರೇನ ಬಂದ್ ಬಿದ್ದದ. ನೀವ್ ಬರ್ತೀರಲ್ಲ?”

ಮುಂಬಯಿ ಹುದ್ದೆಯ ಇಂಟರ್‌ವ್ಯೂ ಸೋಮವಾರವಿತ್ತು. ಅದೇ ಹಳೆಯ ಆಟ ಎಂದುಕೊಂಡ. “ಮಚ್ಚೇಂದ್ರನ್ನ ಕಳಸ್ತೀನಿ. ನನಗಿಂತ ಛಲೋ ಕೆಲಸಗಾರ.”



“ಹೌದ್ರಿ,” ಅಂದಳು. “ಮಷೀನಿಗೆ ಮಚ್ಚೇಂದ್ರ ಸಾಕು.”

ಶುಕ್ರವಾರ ಮಚ್ಚೇಂದ್ರ ಮರಳಿದ. “ಫ್ಯೂಸ್ ಅಲ್ರಿ ಸರ್, ಒಳಗ ಕೇಬಲ್ಲೇ ಸುಟ್ಟಿತ್ತು. ಟೆಸ್ಟ್ ಫಿಲ್ಮಿಗೆ ಮೇಡಂ ತಮ್ಮ ಕೈ ಇಟ್ರು. ಬ್ಯಾಡ್ರಿ ಅಂದೆ, ಕೇಳಲಿಲ್ಲ. ನಿಮಗೇ ಕೊಡು ಅಂದಾರ.” ಲಕೋಟೆ ಕೊಟ್ಟು, ಹೋಗುತ್ತ ಹೇಳಿದ, “ಐತವಾರ ಮೇಡಂ ಅವರ ಲಗ್ನ ನಿಶ್ಚಯ ಅಂತ್ರಿ.”

ಕಪಿಲ ಫಿಲ್ಮನ್ನು ಕಿಟಕಿಗೆ ಹಿಡಿದ. ಐದು ಬೆರಳುಗಳೂ ಅಗಲ ಬಿಚ್ಚಿದ್ದವು. ಉಂಗುರವಿಲ್ಲ. ಬಸವಕಲ್ಯಾಣಕ್ಕೆ ಅರ್ಧ ದಿನದ ದಾರಿ. ಭಾನುವಾರಕ್ಕೆ ಇನ್ನೂ ಎರಡು ದಿನವಿತ್ತು.

ಅವನು ಮುಂಬಯಿಯ ರೈಲು ಹತ್ತಿದ.

ಆ ಕೈ ಅವನ ಬೆನ್ನು ಬಿಡಲಿಲ್ಲ. ಜನರಲ್ ಮ್ಯಾನೇಜರ್ ಆದ, ವೈಸ್ ಪ್ರೆಸಿಡೆಂಟ್ ಆದ. ಪ್ರತಿ ಹೊಸ ಕ್ಯಾಬಿನ್ನಿನ ಕಿಟಕಿಗೂ ಅದೇ ಫಿಲ್ಮ್ ಅಂಟಿಸಿದ. ಕೇಳಿದವರಿಗೆ “ಟೆಸ್ಟ್ ಫಿಲ್ಮ್” ಎನ್ನುತ್ತಿದ್ದ. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದಾಗ ಮೂಳೆಗಳು ಮೆಲ್ಲಗೆ ಮಡಚಿಕೊಳ್ಳುತ್ತಿವೆ ಅನಿಸುತ್ತಿತ್ತು, ಕರೆಯುವ ಹಾಗೆ. ನೋಡಲು ಹೋದ ಹೆಣ್ಣುಗಳೆದುರು ಕೂತಾಗಲೂ ಅವನ ಕಣ್ಣು ಅವರ ಬೆರಳುಗಳ ಮೇಲಿರುತ್ತಿತ್ತು. ಅವನು ಮದುವೆಯಾಗಲಿಲ್ಲ.

2008ರಲ್ಲಿ, ಇನ್ನು ಸರ್ವಿಸ್ ಕೊಡದ ಹಳೆಯ ಮಷೀನುಗಳ ಪಟ್ಟಿ ಅವನ ಸಹಿಗೆ ಬಂತು. ಮೂರನೇ ಪುಟದಲ್ಲಿ ಹುಮನಾಬಾದ್. ಪೆನ್ನು ಕೆಳಗಿಟ್ಟು ಕಿಟಕಿಯಿಂದ ಫಿಲ್ಮ್ ಬಿಡಿಸಿಕೊಂಡ.

ಹುಮನಾಬಾದಿನ ಅದೇ ಕೋಣೆ. ಹಳೆಯ ಮಷೀನಿಗೆ ಬೆಡ್‌ಶೀಟ್ ಹೊದಿಸಿದ್ದರು. ಹೊಸದರ ಪಕ್ಕದಲ್ಲಿ ಸುಗಂಧಾ ನಿಂತಿದ್ದಳು. ಕಿವಿಯ ಮೇಲೆ ಒಂದೆಳೆ ಬಿಳಿಕೂದಲು, ಕೈತುಂಬ ಹಸಿರು ಬಳೆ.

“ಮಷೀನ್ ನೋಡಾಕ ಬಂದೀನಿ,” ಅಂದ.

“ಹತ್ತು ವರ್ಷ ತಡಾ ಆತ್ರಿ ಸಾಹೇಬ್ರ.”

ಅವನು ಫಿಲ್ಮ್ ಚಾಚಿದ. ಅವಳು ಅದನ್ನು ಬೆಳಕಿಗೆ ಹಿಡಿದು, ಹಿಂದೆ ತನ್ನ ಕೈ ಇಟ್ಟು ನೋಡಿದಳು. ಈಗ ಉಂಗುರ ತೊಟ್ಟಿದ್ದ ಬೆರಳೊಂದು ಮಾತ್ರ ಹೊಂದಲಿಲ್ಲ.

“ಬೈತೀರಿ ಅಂತ ಕಾಯ್ದೆ,” ಅಂದಳು. “ಕೈ ಯಾಕ ಇಟ್ಟಿ ಅಂತ ಒಂದ್ ಫೋನ್ ಮಾಡಿ ಬೈತೀರಿ ಅಂತ, ಐತವಾರ ಮುಂಜಾನಿ ತನಕ ಇಲ್ಲೇ ಕುಂತಿದ್ದೆ.”

ಅವಳು ಫಿಲ್ಮನ್ನು ತನ್ನ ಡ್ರಾಯರಿನಲ್ಲಿಟ್ಟು ಮುಚ್ಚಿದಳು.

“ಇದು ಇಲ್ಲೇ ಇರ್ಲಿ. ನನ್ನ ಕೈ ನನಗ ಇರ್ಲಿ. ನೀವಿನ್ನ ಹೋಗ್ರಿ, ಪೇಶಂಟ್ ಕಾಯಾಕತ್ತಾರ.”

ಅವನು ಖಾಲಿ ಲಕೋಟೆ ಹಿಡಿದು ಹೊರಗೆ ಬಂದ.

ಮಷೀನ್ ಬಂದ್ ಬಿದ್ದರೆ ತಾನೇ ಬರುತ್ತೇನೆ ಎಂದು ಹೇಳಿದ್ದ. ಬಂದ್ ಬಿದ್ದಾಗ ಬರಲಿಲ್ಲ.