ಬೈಗುಳದ ಅರ್ಜಿ

ಸಾವಂತ್ರೆವ್ವ ಅರ್ಜಿ ಹಿಡಿದು ಎದುರಿಗೆ ಬಂದೊಡನೆ ಆರೋಗ್ಯ ಸಚಿವ ಮೃತ್ಯುಂಜಯಪ್ಪನವರ ಕಿವಿಯ ಹಿಂದಿದ್ದ ತೆಳ್ಳನೆಯ ಪಟ್ಟಿ ಹಸಿರಾಗಿ ಮಿನುಗಿತು. ಸಚಿವರು ಆಕೆಯ ಎರಡೂ ಕೈ ಹಿಡಿದುಕೊಂಡು, “ತಾಯಿ, ನಿಮ್ಮ ಸಂಕಟ ನನ್ನ ಮನೆಯ ಸಂಕಟ. ಇವತ್ತು ನನಗೆ ಊಟ ಸೇರುವುದಿಲ್ಲ” ಎಂದರು. ಕಣ್ಣು ತುಂಬಿಕೊಂಡಿತು. ಕಣ್ಣೀರಿಗೆ ಮಾತ್ರ ಯಂತ್ರದ ನೆರವಿರಲಿಲ್ಲ, ಅದು ಅವರ ಸ್ವಂತ ವಿದ್ಯೆ. ಫೋಟೋ ಹಿಡಿಯುವವರು ನುಗ್ಗಿದರು, ಸಾವಂತ್ರೆವ್ವನನ್ನು ಪಕ್ಕಕ್ಕೆ ಸರಿಸಿದರು.

ಆ ಪಟ್ಟಿಯ ಹೆಸರು ವಾಕ್‌ಶೋಧಕ. ಮನುಷ್ಯ ಮಾತಾಡುವ ಮೊದಲು ಮಾತು ಮಿದುಳಿನಲ್ಲಿ ರೂಪುಗೊಳ್ಳುತ್ತದೆ. ಅದು ನಾಲಿಗೆಗೆ ಇಳಿಯಲು ಅರೆಕ್ಷಣ ಬೇಕು. ಅಷ್ಟರಲ್ಲಿ ವಾಕ್‌ಶೋಧಕ ಅದನ್ನು ಹಿಡಿದು, ಕೇಳುವವರಿಗೆ ನೋವಾಗುವಂತಿದ್ದರೆ ತಡೆದು, ಬದಲಿಗೆ ಹಿತವಾದ ವಾಕ್ಯವೊಂದನ್ನು ಕಿವಿಯಲ್ಲಿ ಉಸುರುತ್ತದೆ. ಮಾತು ಹುಟ್ಟುವುದು ತಡವಾದರೂ ಹಾಗೆಯೇ ಉಸುರುತ್ತದೆ. ಮಂತ್ರಿಗಳು ಅದಿಲ್ಲದೆ ಜನರೆದುರು ಬಾಯಿ ತೆರೆಯಬಾರದೆಂದು ಕಾನೂನಾಗಿ ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ರಾಜ್ಯದ ಯಾವ ಮಂತ್ರಿಯೂ ಒಂದೇ ಒಂದು ಹಗುರ ಮಾತು ಆಡಿರಲಿಲ್ಲ.

ಅದನ್ನು ಕಂಡುಹಿಡಿದ ಡಾ. ಮಾಲಿನಿ ಕೊಡ್ಲೆಕೆರೆ ಅಂದು ಜಿಲ್ಲಾ ಕಚೇರಿಯ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ತಿಂಗಳ ಮೊದಲ ಸೋಮವಾರ ನಡೆಯುವ ಅಹವಾಲು ಸಭೆಯಲ್ಲಿ ಯಂತ್ರವನ್ನು ಪರೀಕ್ಷಿಸುವುದು ಅವರ ಕೆಲಸ. ಹಿಂದೊಮ್ಮೆ ಅವರ ತಮ್ಮ ಬಸ್ ಅಪಘಾತದಲ್ಲಿ ಸತ್ತಾಗ ಒಬ್ಬ ಮಂತ್ರಿ, “ಕಿಟಕಿ ಪಕ್ಕ ಕೂರಲು ಯಾರು ಹೇಳಿದ್ದರು?” ಎಂದು ನಕ್ಕಿದ್ದ. ಆ ನಗು ಇನ್ನೊಂದು ಮನೆಯ ಕಿವಿಗೆ ಬೀಳಬಾರದೆಂದೇ ಮಾಲಿನಿ ಹನ್ನೆರಡು ವರ್ಷ ದುಡಿದಿದ್ದರು.

ಸಾವಂತ್ರೆವ್ವ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಅವಳು ಬಟ್ಟೆ ಮಗ್ಗದಲ್ಲಿ ಕೂಲಿ ಮಾಡುವವಳು. ಗಂಡ ಈರಪ್ಪನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಯಂತ್ರ ನಿಂತು ಹದಿನಾಲ್ಕು ತಿಂಗಳಾಗಿತ್ತು. ವಾರಕ್ಕೆ ಎರಡು ಸಲ ತೊಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಅವನನ್ನು ಜಿಲ್ಲಾಸ್ಪತ್ರೆಗೆ ಕರೆತರಬೇಕಿತ್ತು. ಇದು ಅವಳ ಐದನೆಯ ಅರ್ಜಿ.

“ಆ ಪಟ್ಟಿ ಮಾಡಿದವ್ರು ನೀವ ಏನ್ರೀ?”

“ಹೌದಮ್ಮ, ನಾನೇ.”

“ಹಂಗಾರ ಒಂದ ಸಲ ಅದನ್ನ ಬಂದ್ ಮಾಡ್ರಿ.”

ಮಾಲಿನಿ ನಕ್ಕರು. “ಬಂದ್ ಮಾಡಿದರೆ ಅವರು ನಿಮಗೆ ಏನಾದರೂ ಕೆಟ್ಟದ್ದು ಅಂದುಬಿಡಬಹುದು.”

“ಅನ್ಲಿ ಅಂತಾನ ಕೇಳಾಕತ್ತೇನ್ರಿ.”

ಮಾಲಿನಿಯವರ ನಗು ನಿಂತಿತು.

“ಹತ್ತ ವರ್ಷದ ಹಿಂದ ನಮ್ಮ ಓಣಿಯಾಗ ನಳದಾಗ ಹೊಲಸ ನೀರ ಬರ್ತಿತ್ರಿ” ಎಂದಳು ಸಾವಂತ್ರೆವ್ವ. “ಆಗಿನ ಮಂತ್ರಿ ಬಂದು, ‘ಇಷ್ಟ ದಿನ ಕುಡದೀರಿ, ಯಾರೂ ಸತ್ತಿಲ್ಲಲ್ಲ’ ಅಂದ. ಟೀವ್ಯಾಗ ಬಂತು. ಊರಿಗೆ ಊರ ರಸ್ತೇಕ ಇಳೀತು. ಹನ್ನೊಂದ ದಿನದಾಗ ಹೊಸಾ ಪೈಪ್ ಹಾಕಿದ್ರು. ಈಗ ಈ ಸಾಹೇಬ್ರು ಕೈ ಹಿಡದು ಅಳ್ತಾರ. ‘ತಂದಿ ಹಂಗ ಮಾತಾಡ್ಸ್ಯಾನ, ಇನ್ನೇನ್ ಬೇಕ ನಿನಗ’ ಅಂತ ಓಣಿ ಮಂದಿ ನನಗ ಬೈತಾರ. ಯಾರನ್ನ ಕರ್ಕೊಂಡ ಜಗಳಕ್ಕ ಹೋಗ್ಲಿ? ನನಗೊಂದ ಬೈಗಳಾ ಕೊಡಸ್ರಿ ಅಕ್ಕಾರ. ನಮ್ಮ ಮನಿಯವ್ರು ಇನ್ನ ಭಾಳ ದಿನ ಬಸ್ ತಡಿಯಂಗಿಲ್ಲ.”

ಯಂತ್ರವನ್ನು ನಿಲ್ಲಿಸುವುದು ಅಪರಾಧ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಜೈಲೂ ಆಗುತ್ತದೆ. ಮಾಲಿನಿ ಅಂದು ಎದ್ದುಹೋದರು. ಆದರೆ ಮುಂದಿನ ತಿಂಗಳು ಸಾವಂತ್ರೆವ್ವ ಆರನೆಯ ಅರ್ಜಿ ಹಿಡಿದು ನಿಂತಾಗ, ಹಿಂದಿನ ಸಾಲಿನಲ್ಲಿದ್ದ ಮಾಲಿನಿ ತಮ್ಮ ಕೈಯಲ್ಲಿದ್ದ ನಿಯಂತ್ರಕವನ್ನು ಒತ್ತಿದರು. ಹಸಿರು ಬೆಳಕು ಆರಿತು.

ಸಚಿವರು ಬಾಯಿ ತೆರೆದರು. ಮಾತು ಬರಲಿಲ್ಲ. ಕಿವಿಗೆ ಏನೋ ಬೀಳಲಿ ಎಂದು ಕಾಯುತ್ತ ತಲೆ ವಾಲಿಸಿದರು. ಬಾಯಿ ತೆರೆದೇ ಇತ್ತು.

“ಅನ್ರಿ ಸಾಹೇಬ್ರ” ಎಂದಳು ಸಾವಂತ್ರೆವ್ವ. “‘ನಿಮ್ಮ ಗಂಡ ಸತ್ರ ನಾವೇನ್ ಮಾಡೂಣು’ ಅನ್ರಿ. ಏನರ ಒಂದ ಅನ್ರಿ. ಕಾಲಿಗೆ ಬೀಳ್ತೇನಿ.”

ನಿಜಕ್ಕೂ ಅವಳು ಕಾಲಿಗೆ ಬಿದ್ದಳು. ಸಚಿವರು ಆಕೆಯನ್ನು ನೋಡಿದರು, ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದರು, ಬಾಯಿ ಮುಚ್ಚಿಕೊಂಡರು. ಆಪ್ತ ಸಹಾಯಕ ಬಂದು ಅರ್ಜಿ ತೆಗೆದುಕೊಂಡ.

ಉಸುರುವುದು ನಿಂತಿದ್ದರೂ ಪಟ್ಟಿ ಬರೆದುಕೊಂಡಿದ್ದ ಸಚಿವರ ಮಿದುಳಿನ ದಾಖಲೆಯನ್ನು ಮಾಲಿನಿ ತೆರೆದರು. ಅಲ್ಲಿ ತಿರಸ್ಕಾರದ ವಾಕ್ಯವೊಂದು ಇರುತ್ತದೆ, ಅದನ್ನೇ ಪತ್ರಿಕೆಗಳಿಗೆ ಕೊಟ್ಟುಬಿಡೋಣ ಎಂದುಕೊಂಡಿದ್ದರು. ಏನೂ ಇರಲಿಲ್ಲ. ಹಿಂದಿನ ಸಭೆಗಳನ್ನೂ ಹುಡುಕಿದರು. ಎರಡು ವರ್ಷದಿಂದ, ಜನ ಎದುರಿಗೆ ಬಂದು ನಿಂತಾಗ, ಆ ತಲೆಯಲ್ಲಿ ಕೆಟ್ಟದ್ದಾಗಲಿ ಒಳ್ಳೆಯದಾಗಲಿ ಒಂದು ಮಾತೂ ಹುಟ್ಟಿರಲಿಲ್ಲ. ಎಲ್ಲವನ್ನೂ ಯಂತ್ರವೇ ಆಡಿತ್ತು. ಬೈಯಬೇಕಾದರೂ ಎದುರಿಗಿರುವವರತ್ತ ಒಂದಿಷ್ಟು ಗಮನ ಬೇಕು, ಅಷ್ಟನ್ನೂ ಆ ಮನುಷ್ಯ ಬಿಟ್ಟುಬಿಟ್ಟಿದ್ದ. ತಡೆದ ಮಾತುಗಳ ಸಂಖ್ಯೆ ಸೊನ್ನೆಗೆ ಇಳಿದದ್ದನ್ನು ತೋರಿಸಿ, ಯಂತ್ರ ಮಂತ್ರಿಗಳ ಮನಸ್ಸನ್ನು ತಿದ್ದಿದೆ ಎಂದು ಮಾಲಿನಿ ಪ್ರಬಂಧ ಬರೆದು ಪ್ರಶಸ್ತಿ ಪಡೆದಿದ್ದರು. ಅದು ನೆನಪಾಗಿ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಸಚಿವರ ತೆರೆದ ಬಾಯಿಯ ಚಿತ್ರ ಬಂತು. ಬಡ ಮಹಿಳೆಯ ನೋವಿಗೆ ಮೂಕರಾದ ಸಚಿವರು ಎಂದು ಶೀರ್ಷಿಕೆ. ಇಂಥ ಹೃದಯವಂತ ಈ ನಾಡಿಗೆ ಅಪರೂಪ ಎಂದು ವಿರೋಧ ಪಕ್ಷದವರೂ ಹೇಳಿದರು, ಕಾನೂನಿಲ್ಲದಿದ್ದರೂ ಅವರ ಕಿವಿಯ ಹಿಂದೆಯೂ ಪಟ್ಟಿಯಿತ್ತು. ಪಟ್ಟಿ ಯಾಕೆ ನಿಂತಿತೆಂದು ಯಾರೂ ವಿಚಾರಿಸಲಿಲ್ಲ, ಮಾಲಿನಿಗೆ ಶಿಕ್ಷೆಯೂ ಆಗಲಿಲ್ಲ.

ಹದಿನೇಳು ದಿನದ ಮೇಲೆ ಈರಪ್ಪ ಬಸ್ಸಿನಲ್ಲೇ ತೀರಿಕೊಂಡ. ಮಾಲಿನಿ ಅವನ ಮನೆಗೆ ಹೋಗುವಷ್ಟರಲ್ಲಿ ಸಚಿವರ ಸಂತಾಪ ಪತ್ರ ತಲುಪಿತ್ತು. ಹೆಣದ ಮುಂದೆ ನಿಂತು ಶಾಲೆಯ ಮಾಸ್ತರರು ಅದನ್ನು ಓದುತ್ತಿದ್ದರು. ಬಹಳ ಚೆನ್ನಾಗಿತ್ತು. ಓಣಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು, “ಎಂಥಾ ದೇವರಂಥಾ ಮನ್ಷಾ” ಎನ್ನುತ್ತಿದ್ದರು. ಮುಂದಿನ ಚುನಾವಣೆಯಲ್ಲಿ ಇವರನ್ನೇ ಗೆಲ್ಲಿಸಬೇಕೆಂದು ಯಾರೋ ಅಂದರು, ಉಳಿದವರು ತಲೆಯಾಡಿಸಿದರು.

ಸಾವಂತ್ರೆವ್ವ ಅಳುತ್ತಿರಲಿಲ್ಲ. ಮಾಲಿನಿಯವರನ್ನು ಕಂಡು ಪಕ್ಕದಲ್ಲಿ ಕೂರಿಸಿಕೊಂಡಳು.

“ನೋಡ್ರಿ ಅಕ್ಕಾರ, ಇಷ್ಟ ಮಂದಿ ಕುಂತಾರ” ಎಂದಳು. “ಒಬ್ರಿಗರ ಸಿಟ್ಟ ಬಂದೈತೇನ್ರಿ?”