ಬುಧವಾರದ ಉಪವಾಸ

"ನಗು ಪಾಪಾ, ಸ್ವಲ್ಪ ನಗು! ಹಣ್ಣು ಮ್ಯಾಲ ಹಿಡಿ. ಇನ್ನೂ ಮ್ಯಾಲ. ಸಾಹುಕಾರ್ರ ಕಡಿ ನೋಡು!"

ರೇಣಿ ಬಾಳೆಹಣ್ಣನ್ನು ಮೇಲೆ ಹಿಡಿದಳು. ಹಣ್ಣಿನ ಇನ್ನೊಂದು ತುದಿ ಸಾಹುಕಾರರ ಕೈಯಲ್ಲಿತ್ತು. ಫೋಟೋ ಆಗುವವರೆಗೂ ಹಣ್ಣು ಅವರದೇ. ಒಂದು ಮೊಬೈಲಿನಲ್ಲಿ ಫೋಟೋ ಆಯಿತು, ಇನ್ನೊಂದರಲ್ಲೂ ಆಯಿತು. ಮೂರನೆಯ ಮೊಬೈಲಿನವನಿಗೆ ಬೆಳಕು ಸಾಲಲಿಲ್ಲವಂತೆ, ಅವನಿಗಾಗಿ ಮತ್ತೊಮ್ಮೆ ನಗಬೇಕಾಯಿತು. ಅಷ್ಟರಲ್ಲಿ ಹಣ್ಣು ಎರಡೂ ಕಡೆಯಿಂದ ಹಿಸುಕಿಸಿಕೊಂಡು ಮೆತ್ತಗಾಗಿತ್ತು.

ಶಹಾಪುರದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆ ಭಾನುವಾರ ಸಾಹುಕಾರರ ಹುಟ್ಟುಹಬ್ಬ. ಹುಟ್ಟಿದವರು ಸಾಹುಕಾರರು, ನಗಬೇಕಾದವರು ರೋಗಿಗಳು. ಕಾಲು ಮುರಿದವರು, ಜ್ವರ ಬಂದವರು, ಎಲ್ಲರೂ ಸರದಿಯಂತೆ ನಕ್ಕು ಒಂದೊಂದು ಹಣ್ಣು ಪಡೆದರು.

ರೇಣಿಯ ಆಯಿ ಲಾಲಮ್ಮ ಮಾತ್ರ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಕೂತಳು. ಆಯಿ ಅಂದರೆ ರೇಣಿಯ ಅವ್ವನ ಅವ್ವ.

"ಆಯಿ, ಹಣ್ಣು ತಗೋರಿ," ಎಂದ ಮೊಬೈಲಿನವನು.

"ಒಲ್ಲೆ. ಇವತ್ತ ನಂದು ಉಪವಾಸ ಅದ. ಮೈಲಾರಲಿಂಗಂದು."

"ಉಪವಾಸಕ್ಕ ಹಣ್ಣು ನಡೀತದ್ರಿ."

"ನಿಮ್ಮ ದೇವರಿಗಿ ನಡೀತಿರಬೇಕು. ನಮ್ಮ ದೇವರು ಭಾಳ ಖಡಕ್ ಅದಾನ."

ಸಾಹುಕಾರರು ಅದೇ ನಗುವನ್ನು ಎತ್ತಿಕೊಂಡು ಪಕ್ಕದ ಮಂಚಕ್ಕೆ ಹೋದರು.

ರೇಣಿಯ ಊರು ಬಳಿಚಕ್ರ. ಅಲ್ಲಿ ಮಳೆ ಬಂದರೆ ಬೆಳೆ. ಶಹಾಪುರದ ಕಡೆ ಹಾಗಲ್ಲ, ಕಾಲುವೆ ಬಂದಮೇಲೆ ಎತ್ತ ನೋಡಿದರೂ ಭತ್ತದ ಗದ್ದೆ. ಕಾಲುವೆಗೆ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ಸಾಕು, ಬಳಿಚಕ್ರದ ಹೆಂಗಸರು ಟಂಟಂ ಆಟೋ ಹತ್ತಿ ಭತ್ತದ ನಾಟಿಗೆ ಹೊರಡುತ್ತಾರೆ. ಅವ್ವ ದೇವಕಮ್ಮನೂ ಹೊರಟಳು. ಸಸಿಯ ಹೊರೆ ಹೊತ್ತು ಕಾಲುವೆಯ ಏರಿಯಿಂದ ಇಳಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅಪ್ಪ ದೂರದ ಪುಣೆಯಲ್ಲಿ ಕಟ್ಟಡ ಕಟ್ಟುತ್ತಿದ್ದ. ಹೀಗಾಗಿ ಆಯಿ ಒಂದು ರೊಟ್ಟಿಯ ಗಂಟು ಕಟ್ಟಿ, ರೇಣಿಯನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಳು.

ಆಸ್ಪತ್ರೆಯಲ್ಲಿ ಮುರಿದ ಕಾಲಿಗೆ ಊಟ ಕೊಡುತ್ತಾರೆ. ನೆಟ್ಟಗಿರುವ ಕಾಲಿನವರು ತಮ್ಮ ದಾರಿ ತಾವು ನೋಡಿಕೊಳ್ಳಬೇಕು. ಅವ್ವನ ತಟ್ಟೆ ಬರುತ್ತಿತ್ತು, ಅವ್ವ ಉಣ್ಣುತ್ತಿದ್ದಳು. ಗಂಟಿನ ರೊಟ್ಟಿಯನ್ನು ಆಯಿ ರೇಣಿಗೆ ಬಡಿಸುತ್ತಿದ್ದಳು. ತಾನು ಚಹಾ ಕುಡಿದು, "ನಂದು ಆಯ್ತು," ಎಂದು ಬಾಯಿ ಒರೆಸಿಕೊಳ್ಳುತ್ತಿದ್ದಳು. ಭಾನುವಾರಕ್ಕೆ ಗಂಟೂ ಖಾಲಿ. ಊರಲ್ಲಿದ್ದಿದ್ದರೆ ನಾಳೆ ಶಾಲೆಯಲ್ಲಿ ಬಿಸಿಯೂಟವಾದರೂ ಸಿಗುತ್ತಿತ್ತು. ಅಲ್ಲಿನ ನೀರು ನೀರು ಸಾಂಬಾರಿಗೆ ಹೆಸರಿಡುತ್ತಿದ್ದ ರೇಣಿಗೆ ಈಗ ಅದರ ಪರಿಮಳವೇ ನೆನಪಾಗುತ್ತಿತ್ತು.

ಪಕ್ಕದ ಮಂಚದಲ್ಲಿ ಗೌಹರಬೇಗಂಳ ಮಗಳಿದ್ದಳು. ಗೌಹರಬೇಗಂ ಊರೆಲ್ಲ ಬಲ್ಲವಳು.

"ಏ ಬೇಟಿ, ಈ ಊರಾಗ ಉಪವಾಸ ಬೀಳಬೇಕಂದ್ರ ಜಿದ್ದು ಮಾಡಬೇಕು," ಎಂದಳು ಅವಳು ರೇಣಿಗೆ. "ಮಠದಾಗ ದಿನಾ ದಾಸೋಹ ಅದ, ಯಾರು ಬೇಕಾದ್ರೂ ಹೋಗಿ ಉಣಬಹುದು. ಜುಮ್ಮೆರಾತ್, ಅಂದ್ರ ಗುರುವಾರ, ದರ್ಗಾದಾಗ ಊಟ ಹಾಕ್ತಾರ. ಬ್ಯಾಂಡಿನ ಸಪ್ಪಳ ಕೇಳ್ತಂದ್ರ ಮದುವಿ ಅದ ಅಂತ ತಿಳಕೋ, ಸೀದಾ ಒಳಗ ಹೋಗು."

"ಬೈದ್ರ, ಚಾಚಿ?"

"ಬೈಗುಳಕ್ಕ ಹೊಟ್ಟಿ ತುಂಬಂಗಿಲ್ಲ, ಹೊಟ್ಟಿ ತುಂಬಿದ ಮ್ಯಾಲ ಬೈಗುಳ ಕೇಳಂಗಿಲ್ಲ. ಹೋಗು."

ಸೋಮವಾರ ಬ್ಯಾಂಡು ಕೇಳಿಸಿತು. ರೇಣಿ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಕಲ್ಯಾಣ ಮಂಟಪಕ್ಕೆ ಹೋದಳು. ಬಾಗಿಲಲ್ಲಿ ತಲೆಗೆ ದೊಡ್ಡ ರುಮಾಲು ಸುತ್ತಿದವರೊಬ್ಬರು ಅಡ್ಡ ನಿಂತರು.

"ಯಾರ ಕಡಿಯಾಕಿ ನೀ? ಗಂಡಿನ ಕಡೀನೋ, ಹೆಣ್ಣಿನ ಕಡೀನೋ?"

ರೇಣಿಗೆ ಗಂಡಿನ ಹೆಸರೂ ಗೊತ್ತಿಲ್ಲ, ಹೆಣ್ಣಿನ ಹೆಸರೂ ಗೊತ್ತಿಲ್ಲ. "ಊಟದ ಕಡೀರಿ," ಎಂದುಬಿಟ್ಟಳು.

ರುಮಾಲಿನವರು ಹೊಟ್ಟೆ ಕುಣಿಸಿ ನಕ್ಕರು. "ಹಂಗಾದ್ರ ನಾವಿಬ್ಬರೂ ಒಂದೇ ಕಡಿ. ನಡಿ ಒಳಗ!"

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುತ್ತಾರಲ್ಲ, ರೇಣಿ ಆಯಿಗೊಂದು ಅಂತ ಲಾಡು ತಂದಳು. ಆಯಿ ಅದನ್ನು ಮುಟ್ಟಲೂ ಇಲ್ಲ. "ಸೋಮವಾರ ಈಶ್ವರಂದು," ಎಂದು ಅವ್ವನ ಕೈಗೆ ದಾಟಿಸಿದಳು. ಮಂಗಳವಾರ ರೇಣಿ ಗೌಹರಬೇಗಂಳ ಜೊತೆ ಮಠಕ್ಕೆ ಹೋಗಿ ಉಂಡು ಬಂದಳು. ಆಯಿ ಬರಲಿಲ್ಲ. ಮಂಗಳವಾರ ಎಲ್ಲಮ್ಮನದಂತೆ. ಊರಲ್ಲಿ ವರ್ಷಕ್ಕೊಮ್ಮೆ ಶಿವರಾತ್ರಿಗೆ ಉಪವಾಸವಿದ್ದು, ಅದಕ್ಕೂ ಸಂಜೆತನಕ ಗೊಣಗುತ್ತಿದ್ದ ಆಯಿಗೆ ಆಸ್ಪತ್ರೆಗೆ ಬಂದಮೇಲೆ ಇಷ್ಟೊಂದು ಭಕ್ತಿ ಎಲ್ಲಿಂದ ಬಂತೋ!

ಬುಧವಾರ ಬೆಳಿಗ್ಗೆ ಆಯಿ ನಳದ ಹತ್ತಿರ ಅವ್ವನ ಸೀರೆ ಒಗೆಯುತ್ತಿದ್ದಳು. ಎದ್ದು ನಿಂತವಳು ಹಾಗೇ ಗೋಡೆ ಹಿಡಿದಳು. ಗೋಡೆ ಹಿಡಿದವಳು ಕೆಳಗೆ ಕುಸಿದು ಕೂತಳು. ಹಣೆಯ ತುಂಬ ಬೆವರು, ತುಟಿ ಒಣಗಿತ್ತು.

ರೇಣಿ ಓಡಿಹೋಗಿ ಆಯಿಯ ತೋಳು ಹಿಡಿದಳು.

"ಏನಿಲ್ಲ ಬೇ. ಕಣ್ಣಿಗಿ ಸ್ವಲ್ಪ ಕತ್ತಲಿ ಬಂತು."

"ಇವತ್ತರ ಉಣ್ಣು, ಆಯಿ. ಇವತ್ತ ಬುಧವಾರ."

"ಇವತ್ತೂ ಉಪವಾಸ ಅದ."

"ಯಾವ ದೇವರದು?"

ಆಯಿ ಯೋಚಿಸಿದಳು. ಆಕಾಶ ನೋಡಿದಳು, ನಳ ನೋಡಿದಳು. "ಬುಧಪ್ಪಂದು," ಎಂದಳು.

"ಬುಧಪ್ಪ? ಆ ದೇವರ ಗುಡಿ ಎಲ್ಲದ?"

"ಅದ... ಗುರುಮಠಕಲ್ ಕಡಿ. ಭಾಳ ದೂರ."

ಬೇರೆ ದಿನವಾಗಿದ್ದರೆ ರೇಣಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗು ಬರಲಿಲ್ಲ. ಗಂಟಿನ ರೊಟ್ಟಿಗಳೆಲ್ಲ ಯಾರ ಹೊಟ್ಟೆ ಸೇರಿದವು ಎಂಬುದು ನೆನಪಾಯಿತು. ತಾನೇ ತಿಂದಿದ್ದಳು. ಒಂದನ್ನೂ ಬಿಡದೆ, ಇನ್ನೊಂದು ಹಾಕು ಎಂದು ಕೇಳಿ ಕೇಳಿ ತಿಂದಿದ್ದಳು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

"ಎಲ್ಲಾ ಸುಳ್ಳು! ನಡಿ, ಈಗ ಮಠಕ್ಕ ನಡಿ."

"ಮಠದಾಗ ಪುಕ್ಕಟೆ ಉಣ್ಣಾಕಿ ಅಲ್ಲ ನಾ. ನಾವು ಕೊಡೋ ಮನಿಯವರು. ಕೊಟ್ಟ ಕೈ ಚಾಚಬಾರದು."

ಇದೊಂದು ಮಾತು ಮಾತ್ರ ಸುಳ್ಳಲ್ಲ. ಬಳಿಚಕ್ರದ ಮನೆಯಲ್ಲಿ ಒಲೆಯ ಪಕ್ಕ ಒಂದು ಗಡಿಗೆ ಇದೆ. ದಿನಾ ಬೆಳಿಗ್ಗೆ ಹಿಟ್ಟು ನಾದುವ ಮೊದಲು ಆಯಿ ಒಂದು ಹಿಡಿ ಹಿಟ್ಟು ತೆಗೆದು ಆ ಗಡಿಗೆಗೆ ಹಾಕುತ್ತಾಳೆ. ಅದು ಊರ ಮಠದ ದಾಸೋಹಕ್ಕೆ. ಗಡಿಗೆ ತುಂಬಿದಾಗ ಮಠದವರು ಬಂದು ಒಯ್ಯುತ್ತಾರೆ. ಮನೆಯವರು ಗಂಜಿ ಕುಡಿದು ಮಲಗಿದ ವರ್ಷವೂ ಆ ಹಿಡಿ ಹಿಟ್ಟು ತಪ್ಪಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಪ್ಪ ಅಣಕಿಸಿ ಬೈಸಿಕೊಳ್ಳುತ್ತಿದ್ದ.

"ಆ ಹಿಟ್ಟಿನ ರೊಟ್ಟಿ ಯಾರು ಉಣ್ತಾರ?" ಎಂದು ಕೇಳಿದಳು ರೇಣಿ.

"ಹಸದವರು ಉಣ್ತಾರ. ಮತ್ತ್ಯಾರು?"

"ಅವರು ನಿನ್ನ ಕಣ್ಣಿಗಿ ಭಿಕ್ಷಾ ಬೇಡೋರು, ಹೌದಿಲ್ಲೋ? ಇಷ್ಟು ವರ್ಷ ಹಿಂಗ ತಿಳಕೊಂಡೇ ಕೊಟ್ಟೀಯೇನು? ನಿನ್ನಿ ನಾನೂ ಮಠದಾಗ ಉಂಡು ಬಂದೀನಿ. ನಾನೂ ಬೇಡಾಕಿ ಆದೆನಾ?"

ಆಯಿ ಸೀರೆಯನ್ನು ಹಿಂಡಿದಳು, ಹಿಂಡಿದ್ದನ್ನೇ ಮತ್ತೆ ಹಿಂಡಿದಳು, ತಂತಿಯ ಮೇಲೆ ಹರವಿದಳು.

"ನಡಿ," ಎಂದಳು.

ಮಠದ ಅಂಗಳದಲ್ಲಿ ಜನ ಸಾಲಾಗಿ ಕೂತಿದ್ದರು. ಆಯಿ ಸಾಲಿನ ಕಡೆ ತಿರುಗದೆ ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋದಳು. ಅಲ್ಲಿ ಬಡಿಸುವ ಬಸ್ಸಮ್ಮ ರೊಟ್ಟಿಯ ಬುಟ್ಟಿ ಹೊತ್ತು ಹೊರಬರುತ್ತಿದ್ದಳು.

"ತಂಗಿ, ಒಲಿ ತೋರಸು. ಒಂದಿಷ್ಟು ರೊಟ್ಟಿ ಬಡೀತೀನಿ. ಆಮ್ಯಾಲ ಉಣ್ತೀನಿ."

"ರೊಟ್ಟಿ ಬಡಿಯೋರು ಬೇಕೇ ಬೇಕ್ರಿ, ಎಲ್ಲಾರೂ ನಾಟಿಗಿ ಹೋಗ್ಯಾರ. ಆದ್ರ ಮೊದಲ ಉಣ್ರಿ."

"ದುಡೀಲಾರದ ಉಣ್ಣಾಕಿ ಅಲ್ಲ ನಾ."

ಬಸ್ಸಮ್ಮ ಬುಟ್ಟಿಯನ್ನು ಸೊಂಟಕ್ಕೆ ಇಳಿಸಿದಳು. "ದುಡದು ಉಂಡ್ರ ಅದು ಪಗಾರ ಆಗ್ತದ ಆಯಿ. ಇಲ್ಲಿ ಪಗಾರ ಕೊಡಂಗಿಲ್ಲ, ಊಟ ಹಾಕ್ತೀವಿ. ಬೇಕಂದ್ರ ಉಂಡ ಮ್ಯಾಲ ಒಲಿ ಮುಂದ ಬರ್ರಿ, ಬ್ಯಾಡಂದ್ರ ಸೀದಾ ಮನಿಗಿ ಹೋಗ್ರಿ, ಯಾರೂ ಕೇಳಂಗಿಲ್ಲ. ಈಗ ದಾರಿ ಬಿಡ್ರಿ, ಸಾಲಿನಾಗ ಮಂದಿ ಕಾಯಾಕತ್ತಾರ."

ಆಯಿ ದಾರಿ ಬಿಟ್ಟಳು. ಮೆಲ್ಲಗೆ ಬಂದು ಸಾಲಿನ ಕೊನೆಯಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ರೇಣಿ ಪಕ್ಕದಲ್ಲಿ ಕೂತಳು. ತಟ್ಟೆ ಬಂತು. ಜೋಳದ ರೊಟ್ಟಿ ಬಂತು, ಬ್ಯಾಳಿ ಬಂತು. ಆಯಿ ತಟ್ಟೆಯನ್ನು ನೋಡುತ್ತಲೇ ಇದ್ದಳು. ಎದ್ದುಬಿಟ್ಟರೆ ಏನು ಮಾಡುವುದು ಎಂದು ರೇಣಿ ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡಳು.

ಆಯಿ ಒಂದು ತುತ್ತು ಮುರಿದು ಬಾಯಿಗಿಟ್ಟಳು.

ಮನೆಯಲ್ಲಿ ಆಯಿ ಉಣ್ಣುವಾಗ ತುತ್ತಿಗೊಂದು ಮಾತು ಇರುತ್ತಿತ್ತು. ಉಪ್ಪು ಹೆಚ್ಚಾಯಿತು, ಓಣಿಯ ಇಂಥವರಿಗೆ ಸೊಕ್ಕು ಬಂತು, ಬೆಕ್ಕು ಒಳಗೆ ಬಂತು. ಈಗ ತಲೆ ಎತ್ತದೆ ಉಂಡಳು. ಒಂದು ತುತ್ತು ಇಳಿಯುವ ಮೊದಲೇ ಕೈ ಇನ್ನೊಂದನ್ನು ಮುರಿಯುತ್ತಿತ್ತು. ತಟ್ಟೆಯ ಅಂಚಿಗೆ ಅಂಟಿದ ಬ್ಯಾಳಿಯನ್ನೂ ಬೆರಳು ಬಿಡಲಿಲ್ಲ.

ಆಯಿಯನ್ನು ಅಣಕಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ರೇಣಿಯ ನಾಲಿಗೆಯ ತುದಿಗೆ ಮಾತೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ತನ್ನ ತಟ್ಟೆಯ ರೊಟ್ಟಿ ಸ್ವಲ್ಪ ಹೊತ್ತು ಮಂಜುಮಂಜಾಗಿ ಕಂಡಿತು.

ಬಸ್ಸಮ್ಮ ಬುಟ್ಟಿ ಹಿಡಿದು ಮತ್ತೆ ಬಂದಳು. ಆಯಿ ಗಡಬಡಿಸಿ ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದಳು.

"ಸಾಕು ತಂಗಿ, ಸಾಕು. ಹೊಟ್ಟಿ ತುಂಬ್ಯದ."

ಬಸ್ಸಮ್ಮ ಮುಂದೆ ಹೋಗಲು ಹೆಜ್ಜೆ ಎತ್ತಿದಳು. ಅಷ್ಟರಲ್ಲಿ ರೇಣಿ ಆಯಿಯ ಆ ಕೈಯನ್ನು ಹಿಡಿದು, ತಟ್ಟೆಯ ಮೇಲಿಂದ ಸರಿಸಿ, ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮೂಳೆ ಮೂಳೆ ಕೈ.

"ಹಾಕ್ರಿ," ಎಂದಳು ರೇಣಿ.

ಆಯಿ ಕೈ ಬಿಡಿಸಿಕೊಳ್ಳಲಿಲ್ಲ.