ಪೆಡಲ್ ಒತ್ತಿದ್ದು ಯಾರು?

ಜೀಪು ಒಮ್ಮೆಲೇ ಮುಂದಕ್ಕೆ ನೆಗೆಯಿತು. ಕಾಫಿ ಕುಯ್ಯಲು ಹೊರಟಿದ್ದ ಹೆಂಗಸರು ಕಿರುಚಿಕೊಂಡರು. ಗಾಡಿಯ ಮುಂದೆ ನಿಂತು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಚಿಕ್ಕಿ ಎಂಬಾಕೆ ಬಂಪರಿಗೂ ಶೆಡ್ಡಿನ ಗೋಡೆಗೂ ನಡುವೆ ಸಿಕ್ಕಿಕೊಂಡಳು. ಎಡಗಾಲು ಮುರಿದಿತ್ತು.

ಆಗ ಬೆಳಿಗ್ಗೆ ಏಳೂವರೆ. ಮಧ್ಯಾಹ್ನದ ಹೊತ್ತಿಗೆ ತೀರ್ಪೂ ಆಗಿಹೋಗಿತ್ತು. ಗೇರಿನಲ್ಲಿ ನಿಲ್ಲಿಸಿದ್ದ ಗಾಡಿಯನ್ನು ಕ್ಲಚ್ ಒತ್ತದೆ ಸ್ಟಾರ್ಟ್ ಮಾಡಿದ್ದು ಡ್ರೈವರ್ ಪ್ರಿಯಾಳ ತಪ್ಪು. ಎಸ್ಟೇಟಿನ ಮ್ಯಾನೇಜರ್ ಕೀರ್ತಿಕುಮಾರ್ ಹಾಗೆಂದು ಬರೆದ ಕಾಗದವನ್ನು ಅವಳ ಮುಂದೆ ತಳ್ಳಿದ.

"ಸೈನ್ ಹಾಕು."

"ಹಾಕಲ್ಲ ಸಾರ್. ನಾನು ಕ್ಲಚ್ ಒತ್ತಿದ್ದೆ."

"ಒತ್ತಿದ್ರೆ ಗಾಡಿ ಹ್ಯಾಗೆ ಹಾರ್ತದೆ? ನಾನೇ ನೋಡಿದೆ — ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ, ಸರಿಯಾಗೇ ಇದೆ."

"ಬೆಳಿಗ್ಗೆ ಹಾಗಿರ್ಲಿಲ್ಲ, ನಿಮಗೂ ಗೊತ್ತು. ಕೀ ತಿರುಗಿಸೋದಕ್ಕೂ ಅದು ಸೊಯ್ಯಂತ ತಳಕ್ಕೆ ಹೋಗೋದಕ್ಕೂ ಸರಿಯಾಯ್ತು. ಕಾಲಿಗೆ ಏನೂ ಸಿಗಲೇ ಇಲ್ಲ. ನೀವು ಕೆಲಸದಿಂದ ತೆಗೀರಿ, ಪೊಲೀಸಿಗೆ ಕೊಡಿ. ಸುಳ್ಳಿಗೆ ಸೈನ್ ಹಾಕಲ್ಲ."

ಅವಳು ಅಲ್ಲಿಂದಲೇ ಸುಧಾಗೆ ಫೋನ್ ಮಾಡಿದಳು. ಮೂರ್ನಾಡಿನಲ್ಲಿ ಹದಿನೆಂಟು ವರ್ಷದಿಂದ ಗ್ಯಾರೇಜು ನಡೆಸುವ ಸುಧಾ, ಅಪಘಾತವಾದ ಗಾಡಿಗಳ ಬಾಯಿ ಬಿಡಿಸುವುದರಲ್ಲಿ ಹೆಸರಾದವಳು. ಒಂದು ಗಂಟೆಯೊಳಗೆ ಬಂದಳು. ಚಿಕ್ಕಿಯನ್ನು ವಿರಾಜಪೇಟೆಯ ಆಸ್ಪತ್ರೆಗೆ ಸೇರಿಸಿ ಬಂದಿದ್ದ ಎಸ್ಟೇಟ್ ಮಾಲೀಕ ಬೋಜಪ್ಪನವರೂ ಶೆಡ್ಡಿನ ಬಳಿಯೇ ಇದ್ದರು.

"ಆಕ್ಸಿಡೆಂಟ್ ಆದ ಮೇಲೆ ಗಾಡಿ ಯಾರಾದ್ರೂ ಮುಟ್ಟಿದ್ರಾ?" ಸುಧಾ ಕೇಳಿದಳು.

"ಯಾರೂ ಇಲ್ಲ. ಅಲ್ಲಿಂದ ಇಷ್ಟು ಹಿಂದಕ್ಕೆ ತಳ್ಳಿದ್ದು ಬಿಟ್ರೆ," ಕೀರ್ತಿಕುಮಾರ್ ಹೇಳಿದ. "ಕೀ ನನ್ನ ಜೇಬಲ್ಲೇ ಇತ್ತು. ಬಾಗಿಲಲ್ಲಿ ಬಗ್ಗಿ ಕೈಯಿಂದ ಒಂದು ಸಲ ಪೆಡಲ್ ಒತ್ತಿ ನೋಡಿದ್ದು, ಅಷ್ಟೆ."

"ಆಮೇಲೆ ಇಲ್ಲಿ ಯಾರ್ಯಾರು ಇದ್ರು?"

"ನಾನು, ಟ್ರ್ಯಾಕ್ಟರ್ ಡ್ರೈವರ್ ರೇಣುಕಪ್ರಸಾದ್. ಹೆಂಗಸರೆಲ್ಲ ನಡ್ಕೊಂಡೇ ಕಾಫಿ ಪಿಕಿಂಗಿಗೆ ಹೋದ್ರು. ಪ್ರಿಯಾ ಸಾಹೇಬ್ರ ಕಾರಲ್ಲಿ ಚಿಕ್ಕಿ ಜೊತೆ ಹೋದ್ಲು."

ರೇಣುಕಪ್ರಸಾದ್ ತಲೆಯಾಡಿಸಿದ. ಜೀಪು ಓಡಿಸುವ ಕೆಲಸ ತನಗೆ ಸಿಗದೆ ಹುಡುಗಿಗೆ ಸಿಕ್ಕಿತೆಂದು ಅವನು ಗೊಣಗುತ್ತಿದ್ದುದು ಕೂಲಿಯವರ ಲೈನ್ ಮನೆಗಳಲ್ಲೆಲ್ಲ ಗೊತ್ತಿತ್ತು.

"ಕೂತು ಕ್ಲಚ್ ಒತ್ತು," ಎಂದಳು ಸುಧಾ. ಪ್ರಿಯಾ ಸೀಟಿನ ತುದಿಗೆ ಜಾರಿ, ಕಾಲು ಚಾಚಿ ಒತ್ತಿದಳು. ಪೆಡಲ್ ಗಟ್ಟಿಯಾಗಿತ್ತು. ಗೇರು ಸಲೀಸಾಗಿ ಬಿತ್ತು.

"ನೋಡಿದ್ರಾ?" ಕೀರ್ತಿಕುಮಾರ್ ನಕ್ಕ.

ಸುಧಾ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯನ್ನೂ ಕ್ಲಚ್ ಆಯಿಲ್ ಡಬ್ಬಿಯನ್ನೂ ನೋಡಿದಳು. ಟಾರ್ಚು ಹಿಡಿದು ಗಾಡಿಯ ಕೆಳಗೆ ತೂರಿದಳು. ಎದ್ದು ಬಂದವಳು ನೇರ ರೇಣುಕಪ್ರಸಾದನ ಎದುರು ನಿಂತಳು.

"ನೀನು ಕೆಳಗೆ ಮಲಗಿದ್ದೆ, ಸರಿ. ಮೇಲೆ ಕೂತು ಪೆಡಲ್ ಒತ್ತಿದ್ದು ಯಾರು?"

ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. "ನಾನು... ಯಾವಾಗ?"

"ಏನ್ರೀ ಇದು?" ಬೋಜಪ್ಪನವರು ಗದರಿದರು. "ಬಿಡಿಸಿ ಹೇಳಿ."

"ಹೇಳ್ತೀನಿ ಸಾರ್. ಈ ಗಾಡೀಲಿ ಕ್ಲಚ್ಚಿಗೆ ಕೇಬಲ್ ಇಲ್ಲ. ಪೆಡಲ್ ಒತ್ತಿದ್ರೆ ಆಯಿಲ್ ಪೈಪಲ್ಲಿ ಹೋಗಿ ಕೆಳಗಿನ ಸಿಲಿಂಡರನ್ನ ತಳ್ತದೆ. ಆ ಸಿಲಿಂಡರ್ ಸೋರ್ತಾ ಇದೆ — ಇವತ್ತಿಂದಲ್ಲ. ಆಯಿಲ್ ಬಿದ್ದು ಸುತ್ತಲಿನ ಪೇಂಟೆಲ್ಲ ಎದ್ದುಹೋಗಿದೆ. ಅದಕ್ಕೆ ವಾರಗಳೇ ಬೇಕು. ಆಯಿಲ್ ಖಾಲಿ ಆಗಿ ಗಾಳಿ ಸೇರಿತು ಅಂದ್ರೆ, ಪೆಡಲ್ ಎಷ್ಟು ಒತ್ತಿದ್ರೂ ಕ್ಲಚ್ ಬಿಡಲ್ಲ; ಗೇರಲ್ಲಿರೋ ಗಾಡಿ ಸ್ಟಾರ್ಟ್ ಮಾಡಿದ ಕೂಡ್ಲೇ ಹಾರ್ತದೆ."

"ಮತ್ತೆ ಈಗ ಸರಿ ಇದೆಯಲ್ಲ?" ಬೋಜಪ್ಪನವರು ಕೇಳಿದರು.

"ಅದೇ ಪ್ರಶ್ನೆ! ಸೋರೋ ಗಾಡೀಲಿ ಡಬ್ಬಿ ತುಂಬಿರೋದು ಹೇಗೆ? ಬ್ರೇಕ್ ಆಯಿಲ್ ಹಳೇದಾಗಿ ಕಪ್ಪಗಿದೆ. ಕ್ಲಚ್ ಆಯಿಲ್ ಮಾತ್ರ ಜೇನಿನ ಹಾಗೆ ಹೊಳೀತಾ ಇದೆ. ಕೆಳಗೆಲ್ಲ ಕೆಸರು ಮೆತ್ತಿದ್ರೂ ಗಾಳಿ ತೆಗೆಯೋ ನಿಪ್ಪಲ್ ಮೇಲೆ ಸ್ಪಾನರಿನ ಹೊಸ ಗೀರು. ಯಾರೋ ಆಯಿಲ್ ತುಂಬಿ, ಗಾಳಿ ತೆಗೆದಿದ್ದಾರೆ. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಕೆಳಗೆ ನಿಪ್ಪಲ್ ಬಿಚ್ಚಿ ಮುಚ್ಚಬೇಕು, ಇನ್ನೊಬ್ಬ ಮೇಲೆ ಪೆಡಲ್ ಒತ್ತಿ ಹಿಡೀಬೇಕು. ಇಲ್ಲಿ ಇದ್ದಿದ್ದೂ ಇಬ್ಬರೇ."

"ಊಹೆ!" ಕೀರ್ತಿಕುಮಾರ್ ಕೂಗಿದ. "ಬೇಕಾದ್ರೆ ಇವನೇ ಯಾರನ್ನೋ ಕರ್ಕೊಂಡು ಮಾಡಿರಬಹುದು. ಅವಳ ಮೇಲೆ ಹೊಟ್ಟೆಕಿಚ್ಚು ಇವನಿಗೆ!"

"ಪ್ರಿಯಾ ಪೆಡಲ್ ಒತ್ತಿದ್ದನ್ನ ಎಲ್ಲರೂ ನೋಡಿದ್ರಿ," ಸುಧಾ ಶಾಂತವಾಗಿ ಹೇಳಿದಳು. "ಸೀಟಿನ ತುದಿಗೆ ಜಾರಿದ್ಲು. ಇವಳ ಎತ್ತರ ಐದಡಿ. ದಿನಾ ಓಡಿಸೋಳು ಸೀಟನ್ನ ಅಷ್ಟು ಹಿಂದೆ ಇಟ್ಕೋತಾಳಾ? ಸೀಟು ಹಿಂದಕ್ಕೆ ಸರಿದು ಕಂಬಿಯ ಕೊನೇ ಹಲ್ಲಿಗೆ ಹೋಗಿದೆ. ರೇಣುಕಪ್ರಸಾದನೂ ಕುಳ್ಳನೇ. ಆರಡಿ ಇರೋರು ಇಲ್ಲಿ ಒಬ್ಬರೇ — ನೀವು, ಕೀರ್ತಿಕುಮಾರ್ ಅವರೇ. ಕೈಯಿಂದ ಒತ್ತಿದೆ ಅಂದ್ರಲ್ಲ — ಅದಕ್ಕೆ ಸೀಟು ಯಾಕೆ ಸರಿಸಿದ್ರಿ?"

ರೇಣುಕಪ್ರಸಾದ್ ಬೋಜಪ್ಪನವರ ಕಡೆ ತಿರುಗಿದ.

"ಅವರೇ ಹೇಳಿದ್ದು ಸಾರ್. ಪ್ರಿಯಾ ಎರಡು ವಾರದಿಂದ ಕಂಪ್ಲೇಂಟ್ ಮಾಡ್ತಿದ್ಲು. ಪಿಕಿಂಗ್ ಮುಗೀಲಿ, ಅಲ್ಲೀವರೆಗೆ ಪೆಡಲ್ ಎರಡೆರಡು ಸಲ ತುಳಿದು ಓಡಿಸು ಅಂತ ಇವರು ಕಳಿಸ್ತಿದ್ರು. ಇವತ್ತು ಅದು ಹೊರಗೆ ಬಂದ್ರೆ ತಮ್ಮ ಕೆಲಸ ಹೋಗ್ತದೆ ಅಂದ್ರು. ಜೀಪು ನಿಂಗೇ ಕೊಡಿಸ್ತೀನಿ ಅಂದ್ರು."

ಬೋಜಪ್ಪನವರ ಮುಖ ಕೆಂಪಾಯಿತು. ಮ್ಯಾನೇಜರನ ಕಡೆ ಕೈ ಚಾಚಿ ಕೀ ಇಸಿದುಕೊಂಡರು. ಅದನ್ನು ಪ್ರಿಯಾಳತ್ತ ಹಿಡಿದರು.

"ತಪ್ಪಾಯ್ತಮ್ಮ. ಸಿಲಿಂಡರ್ ಹೊಸದು ಹಾಕಿಸ್ತೀನಿ. ಇವನನ್ನ ಇವತ್ತೇ ಕಳಿಸ್ತೀನಿ. ಪೊಲೀಸು ಗಿಲೀಸು ಅಂತ ಬೇಡ. ನಮ್ಮೊಳಗೇ ಮುಗಿಸೋಣ."

ಪ್ರಿಯಾ ಕೀ ತೆಗೆದುಕೊಳ್ಳಲಿಲ್ಲ.

"ಎರಡು ವಾರ ಹೇಳಿ ಸುಮ್ಮನಾಗಿದ್ದು ನನ್ನ ತಪ್ಪು ಸಾರ್. ಮೊದಲ ದಿನವೇ ಓಡಿಸಲ್ಲ ಅನ್ನಬೇಕಿತ್ತು. ಆಸ್ಪತ್ರೆಗೆ ಹೋಗ್ತಾ ಚಿಕ್ಕಿ ನನ್ನ ಕೈ ಹಿಡ್ಕೊಂಡೇ ಇದ್ಲು. ಅವಳಿಗೆ ಏನಾಯ್ತು ಅಂತ ಪೂರ್ತಿ ಬರೆಸ್ತೀನಿ. ನನ್ನ ತಪ್ಪೂ ಸೇರಿಸಿ."

"ಅಂದ್ರೆ?"

"ಅಂದ್ರೆ ಠಾಣೆಗೆ ಹೋಗ್ತೀನಿ. ನೀವೂ ಬಂದ್ರೆ ಒಳ್ಳೇದು. ಬರದಿದ್ರೂ ನಾನು ಹೋಗೋದೇ."

ಸುಧಾ ತನ್ನ ಸ್ಕೂಟರ್ ಸ್ಟಾರ್ಟ್ ಮಾಡಿದಳು. ಪ್ರಿಯಾ ಹಿಂದೆ ಹತ್ತಿ ಕೂತಳು. ಸ್ಕೂಟರ್ ಗೇಟು ದಾಟಿ ರಸ್ತೆಗಿಳಿಯುವ ಹೊತ್ತಿಗೆ ಬೋಜಪ್ಪನವರು ಅತ್ತಿತ್ತ ನೋಡಿ, ರೇಣುಕಪ್ರಸಾದನನ್ನು ಕಾರಿಗೆ ಹತ್ತಿಸಿಕೊಂಡು ಅವರ ಹಿಂದೆಯೇ ಠಾಣೆಯತ್ತ ಹೊರಟರು.